ಅರ್ಧಕ್ಕೆ ನಿಂತ ಜಪ

ನಮ್ಮ ಅಮ್ಮನಿಗೆ ಸಿಟ್ಟು ಬಂದರೆ ಎಸ್ಟೇಟಿನ ಲೈನ್‌ಮನೆಗಳ ಸಾಲಿಗೆಲ್ಲ ಗೊತ್ತಾಗುತ್ತಿತ್ತು. ತೊಂಬತ್ತರ ದಶಕದ ಆ ಒಂದು ವರ್ಷ ಅದು ಚರ್ಚಿನ ಮೇಲೆ ತಿರುಗಿತ್ತು. ಕಾರಣವಿತ್ತು. ಹಾನುಬಾಳು ಕಡೆಯ ಆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪ ಜೀಪಿನಿಂದ ಜಾರಿ ಬಿದ್ದು, ತೊಡೆಯ ಮೂಳೆ ಮುರಿದುಕೊಂಡು, ಮಳೆಗಾಲವೆಲ್ಲ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದರು. ಭಾನುವಾರ ನಮ್ಮ ಪಕ್ಕದಲ್ಲೇ ಮೊಣಕಾಲೂರುತ್ತಿದ್ದವರಲ್ಲಿ ಒಬ್ಬರೂ ನೋಡಲು ಬರಲಿಲ್ಲ. ಪಕ್ಕದ ಹಾಸಿಗೆಯವರಿಗೆ ನೆಂಟರು ಎಳನೀರು ಹೊತ್ತು ತಂದಾಗಲೆಲ್ಲ ಅಮ್ಮ ಬಾಗಿಲ ಕಡೆ ನೋಡುತ್ತಿದ್ದಳಂತೆ. ಮನೆಗೆ ಬಂದ ಮೇಲೆ ಚರ್ಚಿಗೆ ಹೋಗುವುದನ್ನೇ ಬಿಟ್ಟಳು.

ಅಕ್ಟೋಬರ್ ಬಂತು. ಆ ತಿಂಗಳು ನಮ್ಮವರು ದಿನವೂ ಸಂಜೆ ಒಂದೊಂದು ಮನೆಯಲ್ಲಿ ಸೇರಿ ಜಪಸರ ಹೇಳುತ್ತಾರೆ. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳುವುದು, ಉಳಿದವರು ಒಟ್ಟಾಗಿ ಇನ್ನರ್ಧ ಮುಗಿಸುವುದು, ಆಮೇಲೆ ಮುಂದಿನ ಮಣಿ. ನಮ್ಮ ಮನೆಯ ಸರದಿ ಬಂದಾಗ ಅಮ್ಮ ಹೇಳಿ ಕಳಿಸಿದಳು: "ನಮ್ಮನೇಗೆ ಯಾರೂ ಬರೋದು ಬ್ಯಾಡ."

ಯಾರೂ ಬರಲಿಲ್ಲ, ಒಬ್ಬ ಅಜ್ಜಿಯನ್ನು ಬಿಟ್ಟು. ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿದ್ದವರು ಅವರೇ. ಅವರ ಸ್ವರ ಹಾರ್ಮೋನಿಯಮ್ಮಿಗೆ ಎಂದೂ ಕೂಡಿದ್ದಲ್ಲ, ಆದರೆ ಹಾಗೆಂದು ಹೇಳುವ ಧೈರ್ಯ ಫಾದರಿಗೂ ಇರಲಿಲ್ಲ. ಏದುಸಿರು ಬಿಡುತ್ತ ದಿಣ್ಣೆ ಹತ್ತಿ ಬಂದ ಅಜ್ಜಿ ಮುಚ್ಚಿದ ಬಾಗಿಲು ತಟ್ಟಲೂ ಇಲ್ಲ. ಜಗಲಿಯಲ್ಲಿ ಕೂತು, ಶಿಲುಬೆ ಗುರುತು ಹಾಕಿ, ಮೊದಲರ್ಧ ಹೇಳಿ ಉತ್ತರಕ್ಕೆ ಕಾದರು.

ಒಳಗೆ ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಉತ್ತರ ಹೇಳಲು ನಾನು ಬಾಯಿ ತೆರೆದೆ. ಅವಳು ನೋಡಿದ ನೋಟಕ್ಕೆ ಮುಚ್ಚಿದೆ. ಮಂಚದ ಮೇಲಿದ್ದ ಅಪ್ಪನೂ ಬರೀ ಕೆಮ್ಮಿದರು. ಅಜ್ಜಿ ಮುಂದಿನ ಮಣಿಗೆ ಹೋಗಲಿಲ್ಲ. ಅದೇ ಅರ್ಧವನ್ನು ಮತ್ತೆ ಹೇಳಿದರು, ಮತ್ತೆ ಕಾದರು. ಇನ್ನೊಮ್ಮೆ ಹೇಳಿದರು. ಮಾತು ಬಂದಾಗಿನಿಂದ ಆ ಅರ್ಧಕ್ಕೆ ಉತ್ತರ ಕೊಟ್ಟೇ ಬೆಳೆದವಳು ಎಷ್ಟು ಹೊತ್ತು ತಡೆದುಕೊಂಡಾಳು? ಹೆಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಅಮ್ಮ ಒಲೆಯ ಮುಂದಿನಿಂದಲೇ, ಬೈಯುವ ದನಿಯಲ್ಲಿ, ಉಳಿದರ್ಧ ಹೇಳಿ ಮುಗಿಸಿದಳು.

ಸರ ಮುಗಿಯುವಷ್ಟರಲ್ಲಿ ಬಾಗಿಲು ತೆರೆದು ಅವರ ಪಕ್ಕದಲ್ಲಿ ಕೂತಿದ್ದಳು.

"ಒಬ್ರೂ ಬರ್ಲಿಲ್ವಲ್ಲ ದೊಡ್ಡಮ್ಮ," ಎಂದಳು.

"ಅವ್ರು ಹೋಗಿರ್ತಾರೆ ಅಂತ ಇವ್ರು, ಇವ್ರು ಹೋಗಿರ್ತಾರೆ ಅಂತ ಅವ್ರು. ನಾನೂ ಹಂಗೇ ಅಂದ್ಕಂಡು ಮನೇಲಿ ಕೂತ್ಬುಟ್ಟೆ ಕಣವ್ವ. ತಪ್ಪಾಯ್ತು," ಎಂದರು ಅಜ್ಜಿ.

ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅಜ್ಜಿ ಆ ಸೀದ ರೊಟ್ಟಿಯನ್ನೇ ಕಾಫಿಗೆ ಅದ್ದಿ ತಿಂದು, "ಚೆನ್ನಾಗೈತೆ" ಎಂದು ಜಪಸರ ಕೈಯಲ್ಲಿ ಹಿಡಿದೇ ಸುಳ್ಳು ಹೇಳಿದರು. ಅವತ್ತಿನಿಂದ ನನಗೆ ಅವರೆಂದರೆ ಪ್ರಾಣ.

ಆಮೇಲೆ ಚರ್ಚಿನವರಲ್ಲಿ ಯಾರಿಗೆ ಹುಷಾರಿಲ್ಲವೆಂದು ಕೇಳಿದರೂ ಅಮ್ಮ ಚಪ್ಪಲಿ ಹುಡುಕುತ್ತಿದ್ದಳು. "ಅವ್ರಿವ್ರು ಹೋಗಿರ್ತಾರೆ ಬಿಡು ಮಾರಾಯ್ತಿ" ಎಂದು ಅಪ್ಪ ಬಾಯಿತಪ್ಪಿ ಅಂದರೆ ಮುಗಿಯಿತು. "ಹಂಗಂದ್ರೆ ಯಾರೂ ಹೋಗಿಲ್ಲ ಅಂತ" ಎಂದು ಬಸ್ ಹತ್ತಲು ಹೊರಟೇಬಿಡುತ್ತಿದ್ದಳು. ಅವಳ ಹಟ ಕಂಡರೆ ನನಗೆ ಹೆಮ್ಮೆ. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಾಳಲ್ಲ ಎಂಬ ಸಿಡಿಮಿಡಿ ಬೇರೆ.

ಕೆಲವು ವರ್ಷಗಳ ನಂತರ ಅಜ್ಜಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಅಮ್ಮ ಸಂಜೆ ಹೊತ್ತು ಹೋಗಿ ಅವರ ಹಾಸಿಗೆಯ ಪಕ್ಕ ಕೂತು ಮೊದಲರ್ಧ ಹೇಳುತ್ತಿದ್ದಳು. ಒಂದು ಸಂಜೆ ನಾನೂ ಹೋಗಿದ್ದೆ. ಉತ್ತರ ಬಾರದ್ದು ಕಂಡು ಪಾಪವೆನ್ನಿಸಿ, ನಾನೇ ಹೇಳಹೊರಟೆ. ಅಮ್ಮ ನನ್ನ ಕೈ ಹಿಡಿದು ತಡೆದಳು.

"ಇರು, ಅವ್ರು ಹೇಳ್ತಾರೆ," ಎಂದಳು.

ಅಜ್ಜಿಯ ತುಟಿ ಅಲುಗುವವರೆಗೂ ಮುಂದಿನ ಮಣಿ ಮುಟ್ಟಲಿಲ್ಲ.