ಅಕ್ಕನ ವಾಪಸ್ ಕವರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಮೇಜು, ಅದು ಅಪ್ಪನದು. ರಾಜಾಜಿನಗರದ ಬಾಡಿಗೆ ಮನೆಯ ನಡುಕೋಣೆಯಲ್ಲಿ, ಬೆಳಕು ಚೆನ್ನಾಗಿ ಬರುವ ಕಿಟಕಿಯ ಪಕ್ಕದಲ್ಲೇ ಅದು ಇತ್ತು. ಮೇಲೆ ರೇಡಿಯೋ, ಶೇವಿಂಗ್ ಕನ್ನಡಿ, ಕರೆಂಟು ಬಿಲ್ಲುಗಳನ್ನು ಚುಚ್ಚಿಟ್ಟ ತಂತಿ. ನಾವು ಹುಡುಗಿಯರು ಓದುವುದು, ಬರೆಯುವುದೆಲ್ಲ ನೆಲದ ಮೇಲೆ, ಊಟದ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು. ಆ ಮೇಜಿನ ಮೇಲೆ ಅಪ್ಪ ಗಡ್ಡ ಹೆರೆದುಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಆದರೂ ಮೇಜು ಅಪ್ಪನದೇ.

ಹೈಸ್ಕೂಲಿಗೆ ಹೋಗುವ ನನ್ನ ಮೊಮ್ಮಗಳು ಮೊನ್ನೆ ಬಂದು, "ಅಜ್ಜೀ, ನಾನು ಬರೆದಿದ್ದನ್ನ ಯಾರಾದ್ರೂ ದುಡ್ಡು ಕೊಟ್ಟು ತಗೊಳ್ಬೇಕು ಅಂದ್ರೆ ಏನ್ ಮಾಡ್ಬೇಕು?" ಎಂದು ಕೇಳಿದಳು. ನಾನೇನೂ ಲೇಖಕಿಯಲ್ಲ. ಆದರೆ ನಮ್ಮಕ್ಕ ತನ್ನ ಮೊದಲ ಬರಹ ಮಾರಿದ್ದನ್ನು ಪಕ್ಕದಲ್ಲೇ ನಿಂತು ನೋಡಿದವಳು. ಅದನ್ನೇ ಹೇಳುತ್ತೇನೆ. ಬುದ್ಧಿಮಾತು ಬೇಕಾದವರು ಅದರಿಂದಲೇ ಹೆಕ್ಕಿಕೊಳ್ಳಲಿ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅಮ್ಮನ ಜೊತೆ ಅಡುಗೆ ಕೆಲಸ ಮುಗಿಸಿ ಮಧ್ಯಾಹ್ನ ಮಣೆ ಹಿಡಿದು ಕೂತರೆ, ಕಾರ್ಖಾನೆಯ ಸಂಜೆ ಸೈರನ್ ಆಗುವವರೆಗೂ ಬರೆಯುತ್ತಿದ್ದಳು. ಸೈರನ್ ಆಯಿತೆಂದರೆ ಅಪ್ಪ ಸೈಕಲ್ಲಿನಲ್ಲಿ ಬರುವ ಹೊತ್ತು. ಅಪ್ಪನಿಗೆ ಆ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಬಂದ ಸಾಮಾನನ್ನು ತೂಗಿ ಒಳಗೆ ತೆಗೆದುಕೊಳ್ಳುವುದು, ತೂಗಿ ಹೊರಗೆ ಬಿಡುವುದು. ಮನೆಯಲ್ಲೂ ಅವರ ಮಾತು ಹಾಗೆಯೇ, ತೂಕಕ್ಕಿಂತ ಹೆಚ್ಚು ಒಂದು ಗುಲಗಂಜಿಯೂ ಬರುತ್ತಿರಲಿಲ್ಲ.

ಅಕ್ಕ ಒಂದು ದಿನ ಧೈರ್ಯ ಮಾಡಿ, ಮಧ್ಯಾಹ್ನದ ಹೊತ್ತು ಮೇಜಿನ ಮೇಲೆ ಬರೆಯಬಹುದೇ ಎಂದು ಕೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ನೀನು ಬರೆದಿದ್ದನ್ನ ಯಾರಾದ್ರೂ ಒಬ್ಬರು ದುಡ್ಡು ಕೊಟ್ಟು ತಗೊಳ್ಲಿ. ಅವತ್ತಿಂದ ಮೇಜು ನಿಂದೇ. ದಸರಾ ರಜ ಮುಗಿಯೋದ್ರೊಳಗೆ ಆಗ್ಲಿಲ್ವೋ, ಬರೆಯೋದು ಬಿಟ್ಟು ಟೈಪಿಂಗ್ ಕ್ಲಾಸಿಗೆ ಸೇರ್ಕೋ. ನಾಲ್ಕು ಕಾಸು ಹುಟ್ಟುತ್ತೆ."

ಅಪ್ಪ ಕೆಟ್ಟವರಲ್ಲ. ಟೈಪಿಂಗ್ ಕಲಿತವರಿಗೆ ಕೆಲಸ ಸಿಕ್ಕಿದ್ದನ್ನು ಅವರು ನೋಡಿದ್ದರು. ಬರೆದವರಿಗೆ ಸಿಕ್ಕಿದ್ದನ್ನು ನೋಡಿರಲಿಲ್ಲ, ಅಷ್ಟೆ.

ಅಷ್ಟು ಹೊತ್ತಿಗಾಗಲೇ ಅಕ್ಕ ಒಂದು ವಾರಪತ್ರಿಕೆಗೆ ಮೂರು ಬರಹ ಕಳಿಸಿಯಾಗಿತ್ತು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಪತ್ರಿಕೆಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ, ಬರಹದ ಜೊತೆ ಸ್ಟಾಂಪು ಹಚ್ಚಿದ, ಸ್ವಂತ ವಿಳಾಸ ಬರೆದ ಕವರನ್ನೂ ಇಟ್ಟು ಕಳಿಸಬೇಕೆಂದು ಹಾಕಿರುತ್ತಿದ್ದರು. ಅಕ್ಕ ಮೊದಲ ಸಲ ಹಾಗೆಯೇ ಇಟ್ಟಿದ್ದಳು. ಆದರೆ ನಮ್ಮ ಮನೆಯಲ್ಲಿ ಅಜ್ಜಿ ಇದ್ದರಲ್ಲ. ಹೊರಗೆ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಹೊರಟು ನಿಂತಾಗ 'ಹೋಗ್ತೀನಿ' ಅನ್ನಬಾರದು ಎನ್ನುವ ಅಜ್ಜಿ. ಆ ಕವರನ್ನು ನೋಡಿ ಹೌಹಾರಿದರು.

"ಅಯ್ಯೋ ಪೆದ್ದೇ, ಕಳಿಸುವಾಗ್ಲೇ ವಾಪಸ್ ಬಾ ಅಂತ ಕವರ್ ಇಟ್ಟು ಕಳಿಸ್ತಾರೇನೇ? ಮದುವೆ ಮಾಡಿ ಕಳಿಸುವಾಗ ತವರಿಗೆ ವಾಪಸ್ ಬರೋ ಟಿಕೀಟು ಕೊಟ್ಟು ಕಳಿಸ್ತಾರಾ?"

ಅಜ್ಜಿ ಕವರನ್ನು ಎತ್ತಿಟ್ಟುಕೊಂಡರು. ಲಗ್ನಪತ್ರಿಕೆಗೆ ಹಚ್ಚುವಂತೆ ಬರಹದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ದೇವರ ಮುಂದಿಟ್ಟು ತೆಗೆದುಕೊಟ್ಟರು. ಮೂರು ಬರಹಗಳೂ ಹೀಗೆಯೇ ಮಂಗಳಕರವಾಗಿ ಹೊರಟುಹೋದವು. ಅಜ್ಜಿಯ ಆಸೆಯಂತೆ ಒಂದೂ ವಾಪಸ್ ಬರಲಿಲ್ಲ.

ದಸರಾ ರಜ ಶುರುವಾದ ಮೇಲೆ ಅಕ್ಕ ಇನ್ನು ತಡೆಯಲಾರದೆ, ಪತ್ರಿಕೆಯ ಆಫೀಸಿಗೇ ಹೋಗಿ ಕೇಳಿಬಿಡುತ್ತೇನೆಂದಳು. ಹುಡುಗಿ ಒಬ್ಬಳೇ ಹೋಗುವುದು ಬೇಡವೆಂದು ಅಮ್ಮ ನನ್ನನ್ನು ಜೊತೆಗೆ ಕಳಿಸಿದರು. ಅಕ್ಕನಿಗೆ ಕಾವಲು ಹತ್ತು ವರ್ಷದ ನಾನು! ಎರಡು ಜಡೆಗೆ ರಿಬ್ಬನ್ ಕಟ್ಟಿಸಿಕೊಂಡು, ಹಬ್ಬದ ಲಂಗ ಹಾಕಿಕೊಂಡು ಹೊರಟೆ. ನವರಂಗ ಟಾಕೀಸಿನ ಹತ್ತಿರ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಗಾಂಧಿನಗರದ ಒಂದು ಅಡ್ಡರಸ್ತೆ ಸೇರಿದೆವು.

ಕೆಳಗೆ ಮುದ್ರಣಾಲಯ, ಮೇಲೆ ಆಫೀಸು. ಮೆಟ್ಟಿಲಿನ ತನಕ ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಕೆಳಗಡೆ ಉದ್ದನೆಯ ಗೂಡುಗಳ ಮುಂದೆ ನಿಂತ ಗಂಡಸರು ಕಣ್ಣು ಎತ್ತಿ ನೋಡದೆ, ಅವರೆಕಾಳು ಆರಿಸುವ ಹಾಗೆ ಪಟಪಟನೆ ಅಚ್ಚುಮೊಳೆ ಆರಿಸಿ ಜೋಡಿಸುತ್ತಿದ್ದರು. ನೆಲವೇ ಅದುರುವಂತೆ ಮೆಷಿನ್ನು ಓಡುತ್ತಿತ್ತು. ಮೇಲಿನ ಕೋಣೆಯಲ್ಲಿ ದಪ್ಪ ಕನ್ನಡಕದ ಒಬ್ಬ ಉಪಸಂಪಾದಕರು ಕಾಗದದ ರಾಶಿಯ ನಡುವೆ ಕೂತು ಬನ್ನು ತಿನ್ನುತ್ತಿದ್ದರು.

ಅಕ್ಕ ಹೆಸರು ಹೇಳಿ, ಮೂರು ಬರಹ ಕಳಿಸಿದ್ದೆ, ಉತ್ತರ ಬರಲಿಲ್ಲ ಎಂದಳು.

"ವಾಪಸ್ ಕವರ್ ಇಟ್ಟಿದ್ರೇನಮ್ಮ?"

ಅಕ್ಕ ನೆಲ ನೋಡಿದಳು. ನಾನು ಸುಮ್ಮನಿರಲಾರದೆ, "ಇಟ್ರೆ ವಾಪಸ್ ಬಂದ್ಬಿಡುತ್ತೆ ಅಂತ ನಮ್ಮಜ್ಜಿ ತೆಗೆಸಿದ್ರು ಸಾರ್" ಎಂದುಬಿಟ್ಟೆ. ಅವರು ಬನ್ನು ಕೆಳಗಿಟ್ಟರು. ನಗಲಿಲ್ಲ. ಗೋಡೆಯ ಪಕ್ಕದ ಬೀರು ತೆಗೆದರು. ಅದರ ತುಂಬಾ ಕವರಿಲ್ಲದೆ ಬಂದ ಬರಹಗಳು, ಕಟ್ಟು ಕಟ್ಟು.

"ನಿಮ್ಮಜ್ಜಿ ಥರದೋರು ಊರೆಲ್ಲ ಇದಾರಮ್ಮ" ಎಂದರು. "ಚೆನ್ನಾಗಿಲ್ಲ ಅಂತ ತಿಳಿಸೋಕೂ ದಾರಿಯಿಲ್ಲ, ಇಲ್ಲೊಂದು ಚೂರು ತಿದ್ದಿ ಕೊಡಿ ಅಂತ ಕೇಳೋಕೂ ದಾರಿಯಿಲ್ಲ. ಎಲ್ಲರಿಗೂ ನಾವೇ ಸ್ಟಾಂಪು ಹಚ್ತಾ ಕೂತ್ರೆ ಪತ್ರಿಕೆ ಮುಚ್ಬೇಕಾಗುತ್ತೆ. ಈಗ ಇದರಲ್ಲಿ ನಿಮ್ಮದು ಹೆಂಗೆ ಹುಡುಕೋದು?"

ಹುಡುಕುವುದು ಕಷ್ಟವಾಗಲಿಲ್ಲ. ಆ ಬೀರುವಿನಲ್ಲಿ ಅರಿಶಿನದ ಮೂಲೆಗಳಿದ್ದದ್ದು ನಮ್ಮವಕ್ಕೆ ಮಾತ್ರ.

ಅವರು ಮೂರನ್ನೂ ಅಲ್ಲೇ ಓದಿದರು. ಮೊದಲನೆಯದು ಹಿಮಾಲಯದ ಸೂರ್ಯೋದಯದ ಬಗ್ಗೆ. ನಮ್ಮಕ್ಕ ಆವರೆಗೆ ಕೆಂಗೇರಿ ದಾಟಿದವಳಲ್ಲ. ಅದನ್ನು ಮಡಿಸಿ ಅವಳ ಕೈಗೇ ಕೊಟ್ಟರು. ಎರಡನೆಯದು ಹೆಣ್ಣು ಮತ್ತು ತ್ಯಾಗ. ಅದನ್ನೂ ಕೊಟ್ಟರು. ಮೂರನೆಯದು ನಮ್ಮ ಬೀದಿಯ ಪೇಪರಿನ ಬಗ್ಗೆ. ಆಗ ಮೂರು ಮನೆ ಸೇರಿ ಒಂದೇ ಪೇಪರ್ ಹಾಕಿಸಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಮೂಲೆಮನೆಗೆ, ಆಮೇಲೆ ಮೇಷ್ಟ್ರ ಮನೆಗೆ, ಸಂಜೆ ನಮಗೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಒಂದು ಪುಟಕ್ಕೆ ಮೂಲೆಮನೆಯ ದೋಸೆಯ ಎಣ್ಣೆ, ಇನ್ನೊಂದು ಪುಟದ ಪದಬಂಧದಲ್ಲಿ ಮೇಷ್ಟ್ರ ಪೆನ್ಸಿಲ್ಲು. ಊರಿನ ಸುದ್ದಿಗಿಂತ ಆ ಎರಡು ಮನೆಗಳ ಸುದ್ದಿಯೇ ಅದರಲ್ಲಿ ಹೆಚ್ಚು ಎಂದು ಅಕ್ಕ ಬರೆದಿದ್ದಳು.

ಇದನ್ನು ಓದುವಾಗ ಅವರು ಬನ್ನು ಮುಟ್ಟಲಿಲ್ಲ. ಓದಿ ಮುಗಿಸಿ, ಮೊದಲ ಪುಟದ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಮೇಲಿಂದ ಕೆಳಗೆ ಒಂದು ಗೆರೆ ಎಳೆದರು. ನನಗೆ ಅಳುವೇ ಬಂತು.

"ಮನುಕುಲಕ್ಕೆ ಪತ್ರಿಕೆಗಳು ಮಾಡಿದ ಉಪಕಾರ ಇದೆಯಲ್ಲ, ಈ ಪುಟ, ಇದನ್ನ ಬಿಟ್ಬಿಡಿ. ದೋಸೆ ಎಣ್ಣೆಯಿಂದ ಶುರು ಮಾಡಿ. ಆಮೇಲೆ ಹಾಳೆಯ ಎರಡೂ ಮಗ್ಗುಲು ಬರೆದಿದೀರಿ, ಅದಾಗಲ್ಲ. ಕೆಳಗೆ ಒಂದೇ ಹಾಳೆನ ಕತ್ತರಿಸಿ ಹಂಚ್ಕೊಂಡು ಇಬ್ಬರು ಮೊಳೆ ಜೋಡಿಸ್ತಾರೆ. ಹಿಂದೆ ಬರೆದಿದ್ರೆ ಏನ್ ಮಾಡ್ತಾರೆ, ಪಾಪ?"

ನಮ್ಮ ಮನೆಯಲ್ಲಿ ಹಾಳೆಯ ಒಂದು ಮಗ್ಗುಲನ್ನು ಖಾಲಿ ಬಿಡುವುದೆಂದರೆ ಅನ್ನ ಚೆಲ್ಲಿದಷ್ಟು ಪಾಪ. ಆದರೂ ಅಕ್ಕ ಅವರು ಕೊಟ್ಟ ಹಾಳೆಗಳನ್ನು ತೆಗೆದುಕೊಂಡು ಆಫೀಸಿನ ಬೆಂಚಿನ ಮೇಲೆ ಕೂತು ಅಲ್ಲೇ ನಕಲು ಮಾಡಿದಳು. ಐದು ಹಾಳೆ ಆಯಿತು. ಅಷ್ಟು ಹೊತ್ತೂ ನಾನು ಗೋಡೆಯ ಮೇಲಿನ ಹಲ್ಲಿ ನೋಡುತ್ತಾ ಕೂತಿದ್ದೆ. ನನ್ನ ಹಸಿವಿನ ಸಂಗತಿ ಯಾರಿಗೂ ನೆನಪಾಗಲಿಲ್ಲ.

"ದೊಡ್ಡ ಸಂಪಾದಕರು ನೋಡಿ ಹೇಳ್ಬೇಕು, ನನ್ನ ಕೈಯಲ್ಲಿಲ್ಲ" ಎಂದರು ಕೊನೆಗೆ. "ಕವರ್ ಕೊಟ್ಟುಹೋಗಿ. ಬೇಡ ಅಂದ್ರೆ ವಾಪಸ್ ಕಳಿಸ್ತೀನಿ. ಬೇರೆ ಕಡೆಗಾದ್ರೂ ಕಳಿಸ್ಬಹುದು."

ಅಕ್ಕನ ಬಳಿ ಕವರು ಎಲ್ಲಿತ್ತು? ಇದ್ದದ್ದು ನಮ್ಮಿಬ್ಬರ ಬಸ್ಸಿನ ಚಿಲ್ಲರೆ. ಅಂಚೆ ಕಚೇರಿ ಹುಡುಕಿ ಕವರು, ಸ್ಟಾಂಪು ಕೊಂಡು, ವಿಳಾಸ ಬರೆದು ಕೊಟ್ಟು ಬಂದೆವು. ಆಮೇಲೆ ನಡಿಗೆ. ಓಕಳಿಪುರದ ರೈಲ್ವೆ ಸೇತುವೆಯ ಕೆಳಗೆ ಹಾಯ್ದು, ಬಿಸಿಲಿನಲ್ಲಿ ಕಾಲೆಳೆಯುತ್ತಾ ರಾಜಾಜಿನಗರ ಮುಟ್ಟುವಾಗ ಸಾಬೂನು ಕಾರ್ಖಾನೆಯ ಕಡೆಯಿಂದ ಗಂಧದ ವಾಸನೆ ತೇಲಿ ಬರುತ್ತಿತ್ತು. ಆಗ ಅಕ್ಕ, "ಆ ಮೊದಲನೇ ಪುಟ ಚೆನ್ನಾಗಿತ್ತು ಕಣೇ" ಎಂದಳು. ಅವಳ ಕಣ್ಣು ತುಂಬಿತ್ತು.

ಕವರು ಕೊಟ್ಟು ಬಂದೆವೆಂದು ತಿಳಿದು ಅಜ್ಜಿ ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟರು.

ರಜ ಮುಗಿಯಲು ಇನ್ನೇನು ಎರಡೋ ಮೂರೋ ದಿನವಿದ್ದಾಗ ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬಂದ. ಅವನ ಕೈಯಲ್ಲಿ ಅಕ್ಕನ ಅಕ್ಷರದ ಅದೇ ಕವರು. ಅಜ್ಜಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಒಳಗೆ ತಂದರು. "ನೋಡಿದ್ಯಾ, ಕರೆದಿದ್ದಕ್ಕೆ ಬಂತು. ನಾನು ಬಡ್ಕೊಂಡೆ" ಎಂದರು. ಅವರ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ, ಪಾಪ. ಅಕ್ಕ ಕವರನ್ನು ಒಡೆಯಲಿಲ್ಲ. ಅಪ್ಪನ ಮೇಜಿನ ಮೇಲಿಟ್ಟು, ಹಿತ್ತಲಿಗೆ ಹೋಗಿ ಬೆಳಿಗ್ಗೆ ಒಗೆದಿದ್ದ ಬಟ್ಟೆಗಳನ್ನೇ ಮತ್ತೆ ಒಗೆಯತೊಡಗಿದಳು.

ಸೈರನ್ ಆಯಿತು. ಅಪ್ಪ ಬಂದರು. ಅಜ್ಜಿಯ ಮುಖ ನೋಡಿ, ಮೇಜು ನೋಡಿ, ಕವರನ್ನು ಕೈಗೆತ್ತಿಕೊಂಡರು. ಅವರೂ ಒಡೆಯಲಿಲ್ಲ. ಅಂಗೈಯ ಮೇಲಿಟ್ಟುಕೊಂಡು ಒಂದು ಸಲ ಮೇಲೆ ಕೆಳಗೆ ಆಡಿಸಿದರು.

"ಎಷ್ಟು ಹಾಳೆ ಕೊಟ್ಟು ಬಂದಿದ್ದೆ?"

"ಐದು" ಎಂದಳು ಅಕ್ಕ ಹಿತ್ತಲ ಬಾಗಿಲಿನಿಂದ.

"ಇದರಲ್ಲಿ ಐದು ಹಾಳೆ ಇಲ್ಲ" ಎಂದರು ಅಪ್ಪ.

ಒದ್ದೆ ಕೈಯಲ್ಲೇ ಅಕ್ಕ ಕವರು ಒಡೆದಳು. ಒಳಗೆ ಒಂದು ತೆಳು ಕಾಗದ. ಅಕ್ಕನ ಬರಹವನ್ನು ತೆಗೆದುಕೊಂಡಿದ್ದೇವೆ, ಅಚ್ಚಾದ ಮೇಲೆ ಸಂಭಾವನೆ ಮನಿಯಾರ್ಡರಿನಲ್ಲಿ ಬರುತ್ತದೆ ಎಂದಿತ್ತು. ಪತ್ರಿಕೆಯವರೂ ನಮ್ಮ ಮನೆಯವರಷ್ಟೇ ಜಿಪುಣರು, ಸ್ಟಾಂಪು ಹಚ್ಚಿ ಕೊಟ್ಟ ಕವರನ್ನು ಬಿಡುತ್ತಾರೆಯೇ? ನಾನು ಕುಣಿದಾಡಿದೆ. ಅಷ್ಟು ಖುಷಿ ನನ್ನ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ಅಜ್ಜಿ ಮಾತ್ರ ಸೋಲೊಪ್ಪದೆ, "ದುಡ್ಡು ಇನ್ನೂ ಬಂದಿಲ್ವಲ್ಲ" ಎಂದರು.

"ಕೊಡ್ತೀವಿ ಅಂತ ಬರೆದುಕೊಟ್ಟಿದಾರಲ್ಲಮ್ಮ" ಎಂದರು ಅಪ್ಪ. ಚಪ್ಪಲಿಯನ್ನೂ ಬಿಡದೆ ಹಾಗೆಯೇ ನಿಂತು ರೇಡಿಯೋವನ್ನು ಗೋಡೆಯ ಗೂಡಿಗೆ ಎತ್ತಿಟ್ಟರು. ಬಿಲ್ಲಿನ ತಂತಿಯನ್ನು ಮೊಳೆಗೆ ಸಿಕ್ಕಿಸಿದರು. ಶೇವಿಂಗ್ ಕನ್ನಡಿಯನ್ನು ಹಿತ್ತಲಿಗೆ ಒಯ್ದು ನಲ್ಲಿಯ ಪಕ್ಕದ ಗೋಡೆಗೆ ನೇತುಹಾಕಿದರು. ಹಿತ್ತಲ ಹಗ್ಗದ ಮೇಲಿನ ಟವೆಲ್ಲು ತಂದು ಮೇಜನ್ನು ಒರೆಸಿ ಸ್ನಾನಕ್ಕೆ ಹೋದರು. ಆಮೇಲೆ ಮಳೆಗಾಲದಲ್ಲೂ ಅಪ್ಪ ಹಿತ್ತಲಿನಲ್ಲೇ ಗಡ್ಡ ಮಾಡಿಕೊಂಡರು. ಮೇಜಿನ ಮುಂದೆ ಕೂತಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅಜ್ಜಿ ಬದಲಾದದ್ದು ಇನ್ನೂ ತಮಾಷೆ. ಅಕ್ಕ ಮುಂದಿನ ಬರಹ ಕಳಿಸುವಾಗ ಅವರೇ ಬಂದು "ವಾಪಸ್ ಕವರ್ ಇಟ್ಯೇನೇ?" ಎಂದು ವಿಚಾರಿಸಿ, ಆ ಕವರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಟ್ಟರು. ಆ ಬರಹ ಆರೇ ದಿನದಲ್ಲಿ ತಿರುಗಿ ಬಂತು. ಅಕ್ಕ ಅದನ್ನು ಇನ್ನೊಂದು ಪತ್ರಿಕೆಗೆ ಕಳಿಸಿದಳು.

ಈಗ ನಮ್ಮ ಮನೆಯಲ್ಲಿ ಕವರೂ ಇಲ್ಲ, ಸ್ಟಾಂಪೂ ಇಲ್ಲ. ಪೇಪರಿಗೆ ದೋಸೆಯ ಎಣ್ಣೆ ತಾಗುವುದಿಲ್ಲ, ಅದು ಫೋನಿನಲ್ಲೇ ಬರುತ್ತದೆ. ಮೊಮ್ಮಕ್ಕಳಿಗೆ ಯಾರ ಅಪ್ಪಣೆಯೂ ಬೇಕಿಲ್ಲದೆ ಬರೆಯುವುದಕ್ಕೆ ಜಾಗವಿದೆ. ಮೊಮ್ಮಗಳು ತನ್ನ ಮೊದಲ ಬರಹದ ಮೊದಲ ಪುಟವನ್ನು ಅಳಿಸಿ (ಅಳಿಸು ಎಂದದ್ದಕ್ಕೆ ಅವಳು ನನ್ನ ಮೇಲೆ ಸಿಟ್ಟಾಗಿದ್ದಳು), ನಿನ್ನೆ ಲ್ಯಾಪ್‌ಟಾಪಿನಲ್ಲಿ ಒಂದು ಬೆರಳು ಒತ್ತಿ ಕಳಿಸಿಬಿಟ್ಟಳು. ಅಷ್ಟರಲ್ಲಿ ನಾನು ಅರಿಶಿನದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಹಚ್ಚುವುದಕ್ಕೆ ಮೂಲೆಯೇ ಸಿಗಲಿಲ್ಲ. "ಎಲ್ಲಿ ಹಚ್ತೀಯ ಅಜ್ಜೀ?" ಎಂದು ಅವಳು ನಕ್ಕಳು. ಸ್ವಲ್ಪ ಯೋಚಿಸಿ, ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಕೆಳಗಿದ್ದ ಮೇಜಿನ ನಾಲ್ಕು ಮೂಲೆಗೂ ಹಚ್ಚಿದೆ. ಅಕ್ಕ ಮೊಮ್ಮಕ್ಕಳಿಗೆಂದು ಕಳಿಸಿಕೊಟ್ಟದ್ದು, ಅಪ್ಪನ ಮೇಜು ಅದು.