ಜಿಪ್ಸಮ್ಮಿನಲ್ಲಿ ಸಿಕ್ಕ ಹಲ್ಲು

ಗೊತ್ತಿರೋದನ್ನ ಹೇಳದೆ ಸುಮ್ಮನಿರೋ ಜಾಯಮಾನ ನಂದಲ್ಲ. ಅದಕ್ಕೇ ನೆಂಟರು ನನ್ನ ಕಂಡರೆ ದಾರಿ ಬದಲಿಸ್ತಾರೆ. ಬದಲಿಸಲಿ ಬಿಡಿ. ಆದರೆ ಈ ಹಲ್ಲಿನ ವಿಷಯ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತೆ.

ಕಲ್ಯಾಣದುರ್ಗದ ನಮ್ಮ ಹೊಲದಲ್ಲಿ ಕಡ್ಲೇಕಾಯಿ ಹೂ ಬಿಟ್ಟಿತ್ತು. ಬುಡಕ್ಕೆ ಜಿಪ್ಸಂ ಗೊಬ್ಬರದ ಪುಡಿ ಹಾಕ್ತಾ ಇದ್ದಾಗ ಅದರೊಳಗೆ ಕೈಗೆ ಏನೋ ಚುಚ್ಚಿತು. ಕಂದು ಬಣ್ಣದ್ದು, ಬಾಗಿದ ಚೂಪು ಮೊನೆ, ಒಳ್ಳೇ ಹೊಳಪು.

ಹಿಂದೂಪುರದಲ್ಲಿರೋ ತಂಗಿಗೆ ತೋರಿಸಿದೆ. ಅವಳ ಮಗಳಿಗೆ ನಾಲ್ಕು ತುಂಬಿದ್ರೂ ಮಾತಿಲ್ಲ, ಏನಾದರೂ ಬೇಕು ಅಂತ ಕೈ ಕೂಡ ಚಾಚೋದಿಲ್ಲ. ಡಾಕ್ಟರು ಕಿವಿ ಸರಿಯಾಗೈತೆ, ಕಾಯಬೇಕು ಅಂದಿದ್ದರು.

"ಅಯ್ಯೋ, ಹುಲಿಯುಗುರು ಕಣಣ್ಣಾ! ಇದನ್ನ ಕಟ್ಟಿ ಮಗೀನ ದಿಗಿಲು ಬಿಡಿಸಿದ್ರೆ ಮಾತು ಬತ್ತದೆ," ಅಂದವಳೇ ಕರಿದಾರ ಸುತ್ತಿ ಮಗು ಕೊರಳಿಗೆ ಕಟ್ಟೇಬಿಟ್ಟಳು. ಪಕ್ಕದ ಮನೆಯವರೂ "ಪುಲಿಗೋರು, ಮಂಚಿದೇ" ಅಂತ ತೆಲುಗಲ್ಲಿ, ಹುಲಿಯುಗುರು ಒಳ್ಳೇದೇ ಅಂದು ತಲೆಯಾಡಿಸಿದರು. ಮಗು ದಿನವೆಲ್ಲ ಅದನ್ನ ಮುಷ್ಟೀಲಿ ಹಿಡಿದುಕೊಂಡೇ ಓಡಾಡೋದು.

ಜಿಪ್ಸಮ್ಮಿಗೆ ಹುಲಿಯುಗುರು ಹೆಂಗೆ ಬಂತು? ನನಗೆ ತಡೀಲಿಲ್ಲ. ಪರಿಚಯದ ಕಾಲೇಜು ಮೇಷ್ಟ್ರಿಗೆ ಫೋಟೋ ಕಳಿಸಿದೆ. ಅವರು ಕಲ್ಲು, ಮಣ್ಣು ಓದಿದವರು. ಕೂಡಲೇ ಫೋನ್ ಮಾಡಿದರು: ಶಾರ್ಕ್ ಮೀನಿನ ಹಲ್ಲು, ಕಲ್ಲಾಗಿದೆ. ಒಂದು ಕಾಲಕ್ಕೆ ಸಮುದ್ರವಾಗಿದ್ದ ನೆಲ ತಮಿಳುನಾಡಲ್ಲಿದೆ, ಅಲ್ಲಿಂದ ಜಿಪ್ಸಂ ಲಾರೀಲಿ ಬಂದಿರಬೇಕು. ನಮಗೆ ಕೊಡಿ, ಪರೀಕ್ಷೆಗೆ ಹೈದರಾಬಾದಿಗೆ ಕಳಿಸ್ತೀವಿ ಅಂದರು. ನನಗೋ ಹಿಗ್ಗೋ ಹಿಗ್ಗು! ಸಿಕ್ಕಿದ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದೆ.

"ಹುಲೀನೂ ಇಲ್ಲ, ಉಗುರೂ ಇಲ್ಲ ಕಣಮ್ಮ. ಮೀನಿನ ಹಲ್ಲು!" ಅಂತ ನಗ್ತಾ ಹೇಳಿದೆ.

ತಂಗಿ ನಗಲಿಲ್ಲ. "ಇನ್ನೊಂದಷ್ಟು ದಿನ ನಂಬ್ಕೊಂಡಿರಕ್ಕೆ ಬಿಡಬಾರ್ದಿತ್ತಾ ಅಣ್ಣಾ?" ಅಂದು, ದಾರ ಕತ್ತರಿಸಿ ನನ್ನ ಕೈಗೆ ಹಾಕಿದಳು. ನಾನೋ ಮುಠ್ಠಾಳ, ಮಗು ನೋಡ್ತಾ ಇದ್ದಂಗೇ ಜೇಬಿಗೆ ಹಾಕ್ಕೊಂಡು ಹೋಗಿ ಮೇಷ್ಟ್ರಿಗೆ ಕೊಟ್ಟೆ.

ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಚಾಪೆ ಮೇಲೆ ಕೂತಿದ್ದೆ. ಮಗು ಬಂದು ನನ್ನ ಜೇಬಿಗೆ ಕೈ ಹಾಕಿತು. ಕನ್ನಡಕ ತೆಗೆದು ಕೆಳಗಿಟ್ಟಿತು, ಪೆನ್ನು ಇಟ್ಟಿತು, ಬಸ್ ಟಿಕೆಟ್ ಇಟ್ಟಿತು. ಆಮೇಲೆ ನನ್ನ ಕೈಯನ್ನ ಎಳೆದು ತನ್ನ ಬರೀ ಕೊರಳ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡಿತು.

ಅಡುಗೆಮನೆ ಬಾಗಿಲಲ್ಲಿ ತಂಗಿ ನಿಂತಿದ್ದಳು. "ಕೇಳ್ತೈತೆ ಕಣಣ್ಣಾ! ಹುಟ್ಟಿದಾಗಿಂದ ಇದೇ ಮೊದಲು ಏನನ್ನಾದ್ರೂ ಕೇಳ್ತಿರೋದು. ಕೊಟ್ಬುಡು ಅಣ್ಣಾ, ಬೇಗ ಕೊಡು!"

ಮಗು ಕೈ ಬಿಡಲಿಲ್ಲ. ಹಲ್ಲು ಹೈದರಾಬಾದಿಗೆ ಹೋಗಿಬಿಟ್ಟೈತೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.