ಬ್ಯಾಡಗಿಯ ಪುಟಕ್ಕೆ ಆದ ದೃಷ್ಟಿ

ನಳದ ನೀರು ತುಂಬಿಟ್ಟೆ. ಶೇಂಗಾ ಹುರಿದು ಸಿಪ್ಪೆ ತೆಗೆದಿಟ್ಟೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ರೊಟ್ಟಿ ಬಡಿದೆ. ಅವರನ್ನು ಹಾವೇರಿಗೆ, ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದೆ. ಬರುವಾಗ ಕೊತ್ತಂಬರಿ ತರಲು ಹೇಳಿದೆ. ಮರೆಯುತ್ತಾರೆಂದು ಫೋನಿಗೂ ಬರೆದು ಕಳಿಸಿದೆ. ಆಮೇಲೆ ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತಿ, ಮೋಟೆಬೆನ್ನೂರಿನಲ್ಲಿ ಇಳಿದು, ಟಂಟಂ ಆಟೋ ಹಿಡಿದು ಬ್ಯಾಡಗಿಗೆ ಹೋದೆ.

ಹೋದದ್ದು ಒಂದು ವೆಬ್ ಪುಟದ ಸಲುವಾಗಿ. ಮನೆಯಲ್ಲಿ ಕೂತು ನಾಲ್ಕಾರು ಅಂಗಡಿಗಳ ಪುಟ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಒಂದು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯದು. ಆ ಮನೆಯ ಸೊಸೆ ಹಟ ಹಿಡಿದು ಮಾಡಿಸಿದ್ದು. ದಿನದ ದರ, ಬಂದ ಮಾಲಿನ ದೊಡ್ಡ ದೊಡ್ಡ ಫೋಟೋ ಎಲ್ಲ ಅವಳೇ ಹಾಕುತ್ತಾಳೆ. ಆ ಅಂಗಡಿಯಲ್ಲಿ ಅವಳದು ಅನ್ನುವ ಕೆಲಸ ಅದೊಂದೇ. ಆದರೆ ಕೆಲವು ವಾರಗಳಿಂದ, ಮಾರುಕಟ್ಟೆಯ ದಿನ ಬೆಳಿಗ್ಗೆ ಪುಟ ತೆರೆಯುವುದೇ ಇಲ್ಲ, ಚಕ್ರ ತಿರುಗುತ್ತಲೇ ಇರುತ್ತದೆ ಎಂದು ದೂರು. ಇವತ್ತು ಸರಿಯಾಗದಿದ್ದರೆ ಪುಟ ಮುಚ್ಚಿ ಮೊದಲಿನಂತೆ ದರ ಬರೆಯುವ ಕರಿಹಲಗೆ ತೂಗುಹಾಕುವುದೇ ಸೈ ಎಂದು ಮಾವ ಹೇಳಿಬಿಟ್ಟಿದ್ದರು.

"ಹಲಗಿ ಬಂತಂದ್ರ ನಾ ಮತ್ತ ಚಾ ಕಾಸ್ಕೋತ ಕುಂದ್ರೂದರಿ ಅಕ್ಕಾರ," ಎಂದು ಅವಳು ಫೋನಿನಲ್ಲಿ ಮೆಲ್ಲಗೆ ಹೇಳಿದ್ದಳು.

ಪುಟ ಇರುವ ಕಂಪ್ಯೂಟರು, ಅಂದರೆ ಸರ್ವರು, ತನ್ನ ಲಾಗ್ ಫೈಲಿನಲ್ಲಿ, ಯಾವ ವಿಳಾಸದಿಂದ ಯಾರು ಬಂದರು, ಏನು ಕೇಳಿದರು ಎಂದು ಒಂದೊಂದು ಸಾಲು ಬರೆದುಕೊಳ್ಳುತ್ತದೆ. ಕೇಳಿದ್ದನ್ನು ಕೊಟ್ಟು ಮುಗಿಸಲು ಹಿಡಿದ ಹೊತ್ತನ್ನೂ ಬರೆದಿಡುವಂತೆ ನಾನು ಮೊದಲೇ ಮಾಡಿಟ್ಟಿದ್ದೆ. ಮದುವೆಯ ಪಂಕ್ತಿಯಲ್ಲಿ ಬಡಿಸುವವರ ಹಿಂದೆ ನಿಂತು, ಯಾರ ಎಲೆಗೆ ಅನ್ನ ತಡವಾಯಿತೆಂದು ನೋಡಿದ ಹಾಗೆ.

ಅಂಗಡಿಯಲ್ಲಿ ಘಾಟು. ಗೋಡೆಯ ಮೇಲಿನ ವೈಫೈ ಡಬ್ಬಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿದ್ದರು. ಗಾದಿಯ ಮೇಲೆ ಕೂತಿದ್ದ ಯಜಮಾನರು, ಅಂದರೆ ಆ ಮಾವ, ಸರ್ವರಿನೊಳಗೆ ಮೆಣಸಿನ ಧೂಳು ಹೊಕ್ಕಿರಬೇಕು ಎಂದರು. ಸರ್ವರು ಇಲ್ಲಿಲ್ಲ, ಬೇರೆ ಊರಿನಲ್ಲಿದೆ ಎಂದೆ.

"ನಮ್ಮ ಮೆಣಸಿನಕಾಯಿ ಹೋಗದ ಊರ ಐತೇನವಾ?" ಎಂದರು.

 ಮೂಲೆಯ ಚೀಲದ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಲಾಗು ಬಿಚ್ಚಿದೆ. ಹೊರಗಿನ ಊರುಗಳಿಂದ ಕೇಳಿದವರಿಗೆಲ್ಲ ಪುಟ ಕಣ್ಣು ಮಿಟುಕಿಸುವುದರಲ್ಲಿ ಸಿಕ್ಕಿತ್ತು. ತಡವಾದ ಸಾಲುಗಳೆಲ್ಲ ಒಂದೇ ವಿಳಾಸದವು. ನೋಡಿದರೆ ಅದು ಇದೇ ಅಂಗಡಿಯ ವೈಫೈ.

ಅಷ್ಟರಲ್ಲಿ ಕರ್ಜಗಿಯ ರೈತರೊಬ್ಬರು ಒಳಗೆ ಬಂದರು. ಯಜಮಾನರು ನೀರು ಕೊಡಿಸಿ, ಬೆಳೆ ಹೇಗಿದೆ ಎಂದು ಕೇಳಿ, ನಮ್ಮ ವೈಫೈ ಹಚ್ಚಿಕೊಂಡು ಪುಟ ತೆರೆಯುತ್ತದೆಯೋ ಇಲ್ಲವೋ ಒಮ್ಮೆ ನೋಡಿಬಿಡು ಎಂದರು. ತಲೆ ಎತ್ತಿ ನೋಡಿದೆ. ಹಮಾಲರು, ಲಾರಿ ಡ್ರೈವರು, ಬಾಡಿಗೆ ಕೇಳಲು ಬಂದಿದ್ದ ಟಂಟಂನವನು, ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ಅದನ್ನೇ ಒತ್ತುತ್ತಿದ್ದಾರೆ. ತೆರೆಯದಿದ್ದರೆ ಮತ್ತೆ ಒತ್ತಬೇಕೆಂದು ಯಜಮಾನರ ಅಪ್ಪಣೆ. ಒಬ್ಬೊಬ್ಬರು ಒತ್ತಿದಾಗಲೂ ನನ್ನ ಮುಂದೆ ಒಂದೊಂದು ತಡದ ಸಾಲು ಬೀಳುತ್ತಿತ್ತು. ಇಷ್ಟು ಜನ ಯಾಕೆ ಎಂದು ಕೇಳಿದೆ.

"ಒಂದ ಕಾಯಿ ಮುರದು ನೋಡಿ ಚೀಲಕ್ಕ ರೇಟ ಹಚ್ಚತಾರೇನು? ಮ್ಯಾಲ, ನಡುವ, ತಳಕ್ಕ, ಎಲ್ಲಾ ಕಡೆ ಕೈ ಹಾಕಿ ತಗೀಬೇಕು. ಇದೂ ಹಂಗ," ಎಂದರು ಯಜಮಾನರು.

ಚಹಾ ತಂದ ಸೊಸೆ ನನ್ನ ಹೆಗಲ ಮೇಲಿಂದ ಪರದೆ ನೋಡಿ, ನನ್ನ ಮೊಳಕೈ ಚಿವುಟಿದಳು. ಇಷ್ಟು ಫೋನುಗಳು ಒಂದೇ ವೈಫೈಯಿಂದ ದೊಡ್ಡ ಫೋಟೋಗಳನ್ನು ಎಳೆದು ದಾರಿ ಕಟ್ಟಿದ್ದು ಅವಳಿಗೂ ತಿಳಿಯಿತು. ಆದರೆ ಅಷ್ಟು ಜನರೆದುರು, ನೀವು ಪರೀಕ್ಷೆ ಮಾಡಿಸುವುದೇ ರೋಗ ಎಂದು ಮಾವನಿಗೆ ಹೇಳುವವರು ಯಾರು? ಅವಳಂತೂ ಅಲ್ಲ. ನಾನೂ ಅಲ್ಲ.

ಎಲ್ಲರೂ ಸ್ವಲ್ಪ ಹೊತ್ತು ಫೋನು ಕೆಳಗಿಡಿ ಎಂದಷ್ಟೇ ಕೇಳಿಕೊಂಡೆ. ಫೋನುಗಳೆಲ್ಲ ಒಂದು ಚೀಲದ ಮೇಲೆ ಸಾಲಾದವು. ಜನ ಮಂಗಳಾರತಿಗೆ ನಿಂತವರಂತೆ ಕೈ ಕಟ್ಟಿ ನಿಂತರು. ಸೀನು ಬಿಟ್ಟರೆ ಸದ್ದಿಲ್ಲ. ಹಾವೇರಿಯಲ್ಲಿದ್ದ ಮನೆಯವರಿಗೆ ಫೋನು ಮಾಡಿ, ಪುಟ ತೆರೆಯಲು ಹೇಳಿ, ಎಲ್ಲರಿಗೂ ಕೇಳುವಂತೆ ಇಟ್ಟೆ. ಹಲ್ಲಿನ ಇಂಜೆಕ್ಷನ್ನಿನಿಂದ ಅವರ ಅರ್ಧ ಬಾಯಿ ಜೋಮು ಹಿಡಿದಿತ್ತು.

"ಚಾಳೀಸ ಕಣ್ಣಿಗೆ ಹಾಕ್ಕೊಳ್ಳೂದ್ರಾಗ ತೆರದೈತಿ," ಎಂದರು. "ಅದಿರಲಿ, ತರೂದು ಮೆಂತ್ಯವೋ, ಕೊತ್ತಂಬರಿಯೋ?"

ಯಜಮಾನರು ಚೀಲದ ಮೇಲಿನ ಫೋನುಗಳನ್ನು ಒಂದೊಂದಾಗಿ ಎಣಿಸಿದರು.

"ದೃಷ್ಟಿ ಆಗೈತಿ. ಇಷ್ಟ ಮಂದಿ ಒಮ್ಮೆಲೇ ಕಣ್ಣ ಹಾಕಿದ್ರ ಕೂಸರ ತಾಳತೈತೇನು?"

ತಿದ್ದಲು ಬಾಯಿ ತೆರೆದೆ. ಸೊಸೆ ಚಹಾದ ಕಪ್ಪನ್ನು ನನ್ನ ಕೈಗೆ ಒತ್ತಿ, "ಚಾ ಆರತೈತಿ, ತಗೋರಿ ಅಕ್ಕಾರ," ಎಂದಳು. ಕುಡಿದೆ.

ಪಕ್ಕದ ಇಸ್ತ್ರಿ ಅಂಗಡಿಯಿಂದ ಕೆಂಡ ಬಂತು. ವೈಫೈ ಡಬ್ಬಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ದೃಷ್ಟಿ ಆಗಿದ್ದರೆ ಘಾಟು ಏಳುವುದಿಲ್ಲ ಎನ್ನುತ್ತಾರೆ. ಎದ್ದಿತು. ಎಲ್ಲರೂ ಫೋನು ಬಾಚಿಕೊಂಡು, ಕೆಮ್ಮುತ್ತ ರಸ್ತೆಯಾಚೆಗೆ ಓಡಿದೆವು. ಅಲ್ಲಿ ವೈಫೈ ಮುಟ್ಟುವುದಿಲ್ಲ. ಜನ ತಮ್ಮ ತಮ್ಮ ನೆಟ್ಟಿನಲ್ಲೇ ಒತ್ತಿದರು. ಎಲ್ಲರಿಗೂ ಪುಟ ಲಗೂನೆ ತೆರೆಯಿತು. ಯಜಮಾನರು ಕಣ್ಣೊರೆಸಿಕೊಳ್ಳುತ್ತ, ದೃಷ್ಟಿ ಹೋಯಿತು ನೋಡು, ಎಂದರು. ಘಾಟಿನ ಮಾತು ಯಾರೂ ಎತ್ತಲಿಲ್ಲ.

ಕರಿಹಲಗೆಯನ್ನು ತೂಗುಹಾಕಿಯೇಬಿಟ್ಟರು. ಆದರೆ ಅದರ ಮೇಲೆ ಸೊಸೆಯ ಕೈಯಿಂದ ಬರೆಸಿದ್ದು ದರವನ್ನಲ್ಲ: 'ಪುಟವನ್ನು ಅಂಗಡಿಯೊಳಗೆ ನಿಂತು ನೋಡಬಾರದು.' ನಾಳೆಯ ಫೋಟೋಗಳನ್ನು ಎಂದಿನಂತೆ ಹಾಕು ಎಂದೂ ಅವಳಿಗೆ ಹೇಳಿದರು. ಫೋಟೋಗಳನ್ನು ಸಣ್ಣ ಮಾಡಿ ಹಾಕುವುದು ಹೇಗೆಂದು ಅವಳಿಗೆ ತೋರಿಸಿ ಬಸ್ಸು ಹಿಡಿದೆ.

ಸಂಜೆ ಲಾಗು ನೋಡಿದೆ. ನಾನು ಹೊರಟ ಮೇಲೆ ತಡದ ಸಾಲು ಒಂದೂ ಬಿದ್ದಿರಲಿಲ್ಲ. ಅಂಗಡಿಯ ವಿಳಾಸದಿಂದ ಯಾರೋ ಒಬ್ಬರು ಮಾತ್ರ ಆಗಾಗ ಬಂದು ಇಣುಕಿ ಹೋಗಿದ್ದರು. ಹಲಗೆ ಬರೆಸಿದವರೇ ಇರಬೇಕು.

ಮನೆಯವರು ಮೆಂತ್ಯ ತಂದಿದ್ದರು. ನಾನು ರೊಟ್ಟಿ, ಶೇಂಗಾ ಚಟ್ನಿ, ಮೆಂತ್ಯದ ಪಲ್ಯ ಉಂಡೆ. ಅವರು ಹಲ್ಲಿನ ನೆಪದಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದರು. ಮೊದಲು ಮಲಗಿದವರು ಅವರೇ, ಚಾಳೀಸು ಹಾಕಿಕೊಂಡೇ.